ದಿಲ್ಲಿಯ ಚಳಿಗಾಲದ ಹಕ್ಕಿಗಳು

ದಿಲ್ಲಿಗೆ ಹೋಗಿಬಂದವರು ಕೆಂಪುಕೋಟೆ, ಕುತುಬ್ ಮಿನಾರುಗಳನ್ನು ಕುರಿತು ಬರೆಯುವುದು ವಾಡಿಕೆ. ಅವನ್ನು ನಾನೂ ನೋಡಿದೆನು. ಆದರೆ ಕಳೆದ ಜನವರಿಯಲ್ಲಿ ಎನ್.ಸಿ.ಸಿ. ಶಿಬಿರ ಮುಗಿದ ಬಳಿಕ, ದಂಡಿನಲ್ಲಿರುವ ಸೋದರಮಾವನವರ ಮನೆಯಲ್ಲಿ ನಾಲ್ಕು ದಿನ ಉಳಿದಾಗ ಕಂಡ ಹಕ್ಕಿಗಳೇ ಈ ಲೇಖನದ ವಿಷಯ.

ಈ ಹಕ್ಕಿಗಳು ಚಳಿಗೆ ಹೆದರಿ ದಕ್ಷಿಣಕ್ಕೆ ಬರುತ್ತವೆಂದು ನಾವು ತಿಳಿಯುವುದುಂಟು. ಅದು ಅರ್ಧ ಸತ್ಯ. ಮೈತುಂಬ ಗರಿಯುಳ್ಳ ಜೀವಕ್ಕೆ ಚಳಿಗಿಂತ ಹೊಟ್ಟೆಯ ಚಿಂತೆ ದೊಡ್ಡದು. ಸೈಬೀರಿಯ, ಮಂಗೋಲಿಯ, ಟಿಬೆಟ್ಟುಗಳ ಸರೋವರಗಳು ಹೆಪ್ಪುಗಟ್ಟಿದರೆ ಹುಲ್ಲು, ಹುಳು, ಮೀನು ಯಾವುದೂ ಕೊಕ್ಕಿಗೆ ಸಿಕ್ಕದು. ಆದರೂ ಹಿಮ ಬೀಳುವವರೆಗೆ ಅವು ಕಾಯುವುದಿಲ್ಲ. ಹಗಲು ಕಿರಿದಾಗುತ್ತ ಬಂದಂತೆ ದೇಹದೊಳಗಿನ ರಸಗಳು ಬದಲಾಗಿ, ಹಕ್ಕಿ ಹೆಚ್ಚು ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ. ಆ ಕೊಬ್ಬೇ ಅದರ ದಾರಿಯ ಬುತ್ತಿ.

ಮೊದಲನೆಯ ದಿನ ನಸುಕಿನಲ್ಲಿ ಮಾವನವರು ನನ್ನನ್ನು ಯಮುನೆಯ ಘಾಟಿಗೆ ಕರೆದೊಯ್ದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನದಿ ಕಾಣುವ ಮೊದಲೇ ಹಕ್ಕಿಗಳ ಕೂಗು ಕೇಳಿಸಿತು. ದೋಣಿಗಳ ಸುತ್ತ ನೂರಾರು ಕಡಲಹಕ್ಕಿಗಳು! ಸಮುದ್ರವಿಲ್ಲದ ಊರಿನಲ್ಲಿ ಇವಕ್ಕೇನು ಕೆಲಸವೆಂದು ಬೆರಗಾದೆನು. ಕರಿತಲೆಯ ಕಡಲಹಕ್ಕಿ ಎಂದು ಹೆಸರಿದ್ದರೂ ಅದರ ತಲೆ ಬಿಳಿಯಾಗಿತ್ತು. ಕಣ್ಣಿನ ಹಿಂದೆ ಒಂದು ಚುಕ್ಕೆ ಮಾತ್ರ. ಮರಿಮಾಡುವ ಕಾಲ ಸಮೀಪಿಸಿದಾಗಲೇ ತಲೆಗೆ ಆ ಕಂದುಗಪ್ಪು ಬಣ್ಣ ಏರುವುದಂತೆ. ಜನರು ಪುಣ್ಯಕ್ಕಾಗಿ ಖಾರಸೇವು ಎರಚುತ್ತಿದ್ದರು. ಮೀನು ಹುಳುಗಳನ್ನು ತಿನ್ನುವ ಜೀವಕ್ಕೆ ಕರಿದ ತಿಂಡಿ ಹಿತವೆಂದು ನನಗೆ ತೋರಲಿಲ್ಲ. ಅಂದಹಾಗೆ, ವಜೀರಾಬಾದಿನ ಕೆಳಗೆ ನಜಫಗಡದ ನಾಲೆ ಬಂದು ಕೂಡಿದ ಮೇಲೆ ಯಮುನೆಯ ನೀರು ಕೈಯಿಡುವಂತಿಲ್ಲ. ಹಕ್ಕಿಗಳು ಮಾತ್ರ ಅದರಲ್ಲೇ ಮುಳುಗೇಳುತ್ತವೆ.

ಓಖ್ಲಾ ಎಂಬಲ್ಲಿ ಅಣೆಕಟ್ಟಿನ ಹಿನ್ನೀರು 1990ರಿಂದ ಪಕ್ಷಿಧಾಮವಾಗಿದೆ. ಅದರ ಹೆಸರಿನ ಮೆಟ್ರೋ ನಿಲ್ದಾಣವೂ ಉಂಟು. ಸೂಜಿಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಬಾತು, ನಾಮಕೋಳಿ ಇವನ್ನು ಅಲ್ಲಿ ಕಂಡೆನು. ಮೃಗಾಲಯದ ಕೆರೆಯ ಬಣ್ಣದ ಕೊಕ್ಕರೆಗಳನ್ನು ಹಲವರು ವಿದೇಶದ ಅತಿಥಿಗಳೆಂದು ಭಾವಿಸುತ್ತಾರೆ. ಅವು ನಮ್ಮ ದೇಶದವೇ.

ಮೂರನೆಯ ದಿನ ಮಾವನವರ ಫಟಫಟಿಯ ಮೇಲೆ ಹರಿಯಾಣದ ಸುಲ್ತಾನಪುರಕ್ಕೆ ಹೋದೆವು. ಪೀಟರ್ ಜ್ಯಾಕ್ಸನ್ ಎಂಬ ಪತ್ರಕರ್ತರು ಪ್ರಧಾನಿ ಇಂದಿರಾ ಗಾಂಧಿಯವರಿಗೆ ಪತ್ರ ಬರೆದು ಈ ಜೌಗುನೆಲದ ರಕ್ಷಣೆಗೆ ಕಾರಣರಾದರು. 1991ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ದಂಡೆಯ ಹುಲ್ಲು ಮೇಯುತ್ತಿದ್ದ ಬೂದುಬಣ್ಣದ ಹಕ್ಕಿಗಳನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಬಿಳಿಯ ತಲೆ, ಹಿಂಬದಿಗೆ ಎರಡು ಕರಿಯ ಪಟ್ಟೆ. ಪಟ್ಟೆತಲೆಯ ಹೆಬ್ಬಾತು!

ಗದಗ ಜಿಲ್ಲೆಯ ಮಾಗಡಿ ಕೆರೆಯ ಹತ್ತಿರವೇ ನಮ್ಮ ಹೊಲ. ಪ್ರತಿವರ್ಷ ದೀಪಾವಳಿಯ ಬಳಿಕ ಇವೇ ಹಕ್ಕಿಗಳು ಆ ಕೆರೆಗೆ ಬಂದಿಳಿಯುತ್ತವೆ. ಹಗಲು ನೀರಿನಲ್ಲಿದ್ದು, ಹೊತ್ತು ಮುಳುಗಿದ ಮೇಲೆ ಕಡಲೆಯ ಹೊಲಕ್ಕೆ ಬರುತ್ತವೆ. ಡಬ್ಬ ಬಡಿದು ಅವನ್ನು ಓಡಿಸುವುದು ಚಿಕ್ಕಂದಿನಿಂದ ನನ್ನ ಕೆಲಸವಾಗಿತ್ತು. ಓಡಿಸಿದೆನೇ ಹೊರತು ಎಲ್ಲಿಂದ ಬಂದವೆಂದು ಕೇಳಿದವನಲ್ಲ.

ಅವು ಹಿಮಾಲಯವನ್ನು ದಾಟಿ ಬರುತ್ತವೆ. ಕೆಲವು 7000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ಉಪಗ್ರಹದ ಸಲಕರಣೆಗಳಿಂದ ತಿಳಿದಿದೆ. ಆದರೆ ಸುಮ್ಮನೆ ಎತ್ತರಕ್ಕೇರಿ ಶಕ್ತಿ ವ್ಯಯಮಾಡುವುದಿಲ್ಲ. ಬೆಟ್ಟ ಕಣಿವೆಗಳ ಏರಿಳಿತವನ್ನನುಸರಿಸಿ ತಾವೂ ಏರುತ್ತ ಇಳಿಯುತ್ತ ಸಾಗುತ್ತವೆ. ಹೆಚ್ಚಾಗಿ ಇರುಳು ಮತ್ತು ನಸುಕಿನಲ್ಲಿಯೇ ಹಾರುವುವು. ತಣ್ಣನೆಯ ಗಾಳಿ ದಟ್ಟವಾದುದರಿಂದ ರೆಕ್ಕೆಗೆ ಆಧಾರ ಹೆಚ್ಚು. ಅವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದಕ್ಕಿಂತ ಸುಲಭವಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ.

ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿದೆನು. "ಅಪ್ಪಾ, ನಮ್ಮ ಹೊಲದಾಗಿನ ಹಕ್ಕಿ ಇಲ್ಲೂ ಅದಾವ." ಶಾಲೆಯ ಮೆಟ್ಟಿಲು ಹತ್ತದ ಅಪ್ಪ ನಕ್ಕು, "ಹಂಗಾದ್ರ ಅಲ್ಲೇ ಇರ್ರಿ ಅಂತ ಹೇಳು. ನಮ್ಮ ಕಡ್ಲಿ ಉಳೀತಾವ" ಎಂದರು. ನಾನೂ ನಕ್ಕೆನು, ಆದರೆ ನನ್ನ ಕಾಲೇಜಿನ ಫೀಜು ಆ ಕಡಲೆಯಿಂದಲೇ ಬಂದದ್ದು. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಅದು ನಮ್ಮೆಲ್ಲರಿಗೂ ಅಭಿಮಾನದ ಸಂಗತಿಯೇ. ಹೊಲದವನ ಲೆಕ್ಕವನ್ನೂ ಯಾರಾದರೂ ಅದರ ಜೊತೆಗೆ ಬರೆಯಬೇಕೆಂದು ನನ್ನ ಅಭಿಪ್ರಾಯ.

ಊರಿಗೆ ಮರಳಿದ ವಾರವೇ ನೋಟುಬುಕ್ಕು ಹಿಡಿದು ಬದುವಿನ ಮೇಲೆ ಕುಳಿತು ಹೆಬ್ಬಾತುಗಳನ್ನು ಎಣಿಸತೊಡಗಿದೆನು. ನೂರಾ ಹನ್ನೆರಡರವರೆಗೆ ಬಂದಿದ್ದೆನು. ಅಷ್ಟರಲ್ಲಿ ನನ್ನ ತಮ್ಮ ಹೊಲದ ಆಚೆ ತುದಿಯಿಂದ ಡಬ್ಬ ಬಡಿದನು.