ಸಿಬಿರೇಳದ ರಂಧ್ರ: ‘ಶಬ್ದ’ ಘಟಕಕ್ಕೆ ಒಂದು ಪೂರಕ ಉದಾಹರಣೆ

ಒಂಬತ್ತನೆಯ ತರಗತಿಯ ‘ಶಬ್ದ’ ಘಟಕದಲ್ಲಿ ಶ್ರವಣಾತೀತ ಶಬ್ದದ ಉಪಯೋಗಗಳೆಂದು ಲೋಹದೊಳಗಿನ ಬಿರುಕಿನ ಪತ್ತೆ, ಹೃದಯದ ಪರೀಕ್ಷೆ ಮೊದಲಾದವು ಬರುತ್ತವೆ. ಹೆಚ್ಚಿನವು ಪ್ರತಿಫಲನವನ್ನು ಆಧರಿಸಿದವು. ಕಂಪನವೇ ಕೆಲಸಕ್ಕೆ ನೆರವಾಗುವ ಉದಾಹರಣೆಯೂ ಬೇಕೆಂದು ಅಭ್ಯಾಸ ಬೋಧನೆಗೆ ಕಾರ್ಬನ್ ಫೈಬರ್ ಹಾಳೆಯಲ್ಲಿ ರಂಧ್ರ ಕೊರೆಯುವುದನ್ನು ಆರಿಸಿಕೊಂಡೆ.

ಪೂರ್ವಜ್ಞಾನ ಊರಲ್ಲೇ ಇತ್ತು. ಕಲಘಟಗಿ ಬಣ್ಣದ ತೊಟ್ಟಿಲಿನ ಊರು. ಹಲಗೆಗೆ ತೂತು ಹಾಕುವಾಗ ಸಿಬಿರು ಏಳುವುದು ಯಾವ ಕಡೆ ಎಂದು ಕೇಳಿದೆ. ‘ಹಿಂದಿನ ಬಾಜೂರಿ ಸರ್. ಅದಕ್ಕ ಕೆಳಗ ಒಂದ್ ಹಲಗಿ ತುಂಡು ಇಡ್ತಾರ್ರಿ’ ಎಂದ ಒಬ್ಬ.

ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ರೆಕ್ಕೆಯಲ್ಲಿ ಇಂಥ ಹಾಳೆಗಳಿವೆ. ಕೂದಲಿಗಿಂತ ಬಹಳ ಸಪೂರವಾದ ಇಂಗಾಲದ ಎಳೆಗಳನ್ನು ರಾಳದಲ್ಲಿ ಅಂಟಿಸಿ, ಪದರದ ಮೇಲೆ ಪದರ ಕೂಡಿಸಿದ ವಸ್ತು ಇದು. (‘ಸಂಯುಕ್ತ ವಸ್ತು’ ಎನ್ನಲಿಲ್ಲ, ಮಕ್ಕಳಿಗೆ ಸಂಯುಕ್ತವೆಂದರೆ ನೀರು, ಉಪ್ಪು. ‘ಕಾಂಪೋಸಿಟ್’ ಎಂದೇ ಬರೆದೆ.) ಡ್ರಿಲ್ ಬಿಟ್ ಆಚೆ ಬದಿಗೆ ಸಮೀಪಿಸಿದಾಗ ಉಳಿದ ತೆಳು ಪದರಗಳು ಕತ್ತರಿಸುವ ಮೊದಲೇ ಒತ್ತಡಕ್ಕೆ ಬಿಟ್ಟುಕೊಳ್ಳುತ್ತವೆ. ಹಳೆಯ ಪತ್ರಿಕೆಗಳನ್ನು ಮೈದಾ ಅಂಟಿನಿಂದ ಕೂಡಿಸಿ ಒಣಗಿಸಿ, ಕೈವಾರದ ಮೊನೆಯಿಂದ ಚುಚ್ಚಿಸಿದೆ. ಹಿಂಬದಿ ಉಬ್ಬಿ ಹರಿಯಿತು. ಕೆಳಗೆ ಹಲಗೆ ಇಟ್ಟಾಗ ಉಬ್ಬಲಿಲ್ಲ. ಈ ಮಾದರಿ ತೋರಿಸುವುದು ಪದರ ಬಿಡುವುದನ್ನು ಮಾತ್ರ, ಕಂಪನವನ್ನಲ್ಲ.

ಕಂಪನಕ್ಕೆ ಲೆಕ್ಕವೇ ದಾರಿ. ಯಂತ್ರದಲ್ಲಿನ ಪೀಜೋ ತುಣುಕುಗಳು ವಿದ್ಯುತ್ತಿನಿಂದ ಹಿಗ್ಗಿ ಕುಗ್ಗುತ್ತ, ತಿರುಗುತ್ತಿರುವ ಬಿಟ್ಟನ್ನು ಅದರ ಉದ್ದಕ್ಕೆ ಅದುರಿಸುತ್ತವೆ. ಆವೃತ್ತಿ ಸುಮಾರು 20,000 ಹರ್ಟ್ಜ್, ಪಾರ 10 ಮೈಕ್ರೋಮೀಟರ್ ಎಂದಿಟ್ಟುಕೊಂಡೆವು. ನಿಮಿಷಕ್ಕೆ 3,000 ಸುತ್ತು ಎಂದರೆ ಸೆಕೆಂಡಿಗೆ 50. ಒಂದು ಸುತ್ತಿಗೆ 400 ಕಂಪನ. ಸುತ್ತಿಗೆ 0.05 ಮಿಲಿಮೀಟರ್ ಇಳಿದರೆ ಒಂದು ಕಂಪನದಲ್ಲಿ ಸಾಗುವುದು 0.125 ಮೈಕ್ರೋಮೀಟರ್ ಮಾತ್ರ. ಅಂದರೆ ಪ್ರತಿ ಕಂಪನದಲ್ಲಿ ಮೊನೆ ಮುಂದೊತ್ತಿ ಹಿಂದೆ ಸರಿಯುತ್ತದೆ, ಹಾಗೆ ಸರಿಯುವ ದೂರ ಈ ನಿವ್ವಳ ಮುನ್ನಡೆಗಿಂತ ಎಷ್ಟೋ ಪಾಲು ಹೆಚ್ಚು. ಒಂದೇ ಸಮನೆ ಒತ್ತುವ ಬದಲು ಬಿಟ್ಟುಬಿಟ್ಟು ತಾಗುವುದರಿಂದ ಸರಾಸರಿ ಒತ್ತುವ ಬಲ ತಗ್ಗುತ್ತದೆ, ಪದರ ಬಿಡುವುದೂ ಕಡಿಮೆಯಾಗುತ್ತದೆ.

‘ಹಂಗಾರ ಸಪ್ಪಳನ ತೂತು ಹಾಕತೈತೇನ್ರಿ?’ ಎಂಬ ಪ್ರಶ್ನೆ ಈ ಪಾಠದಲ್ಲಿ ಬಂದೇ ಬರುತ್ತದೆ. ಕೊರೆಯುವುದು ಬಿಟ್ಟಿನ ಅಂಚು. ಕಂಪನ ಇರುವುದು ಬಿಟ್ಟಿನಲ್ಲಿ. ಇದನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದೇ ಹೇಳಬೇಕು, ಬಾಯಿಮಾತು ಸಾಲದು.

ಮೌಲ್ಯಮಾಪನಕ್ಕೆ ನಿಮಿಷಕ್ಕೆ 6,000 ಸುತ್ತಾದರೆ ಎಷ್ಟು ಎಂದು ಕೇಳಿದೆ. 200 ಎಂದು ಬರೆದ ಹುಡುಗಿಯೊಬ್ಬಳು, ಜೋರಾಗಿ ತಿರುಗಿಸಿದಷ್ಟೂ ಕಂಪನದ ಲಾಭ ಕಡಿಮೆಯೇ ಎಂದು ಕೇಳಿದಳು. ಸಾಮಾನ್ಯವಾಗಿ ಹೌದು.