ಕಥಾಪಾತ್ರಗಳ ಪರಿಚಯ ಮತ್ತು ವಿದ್ಯಾರ್ಥಿಗಳ ಸ್ವತಂತ್ರ ಬರವಣಿಗೆ

ಪಾಠವೊಂದು ಮುಗಿದೊಡನೆ ಪಾತ್ರದ ಗುಣಸ್ವಭಾವಗಳನ್ನು ವಿವರಿಸುವಂತೆ ಕೇಳುವುದು ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಸತ್ಯವಂತೆ, ದಯಾಳು, ಧೈರ್ಯಶಾಲಿ ಎಂಬ ಮೂರು ಮಾತು ಬರೆದರೆ ಅಂಕ ದೊರೆಯುತ್ತದೆ. ಆದರೆ ವಿದ್ಯಾರ್ಥಿಯು ಪಾತ್ರವನ್ನು ನಿಜವಾಗಿ ಅರಿತನೆ? ಮೂರು ವಿಶೇಷಣಗಳಲ್ಲಿ ಒಂದು ಜೀವವನ್ನು ಅಳೆದು ಮುಗಿಸುವ ಅಭ್ಯಾಸವು ಪುಸ್ತಕದಲ್ಲಿಯೇ ನಿಲ್ಲುವುದಿಲ್ಲ. ಸಹಪಾಠಿಗಳನ್ನೂ ನೆರೆಹೊರೆಯವರನ್ನೂ ಹಾಗೆಯೇ ಅಳೆಯುವಂತೆ ಮಾಡುತ್ತದೆ.

ಕನ್ನಡದ ಕವಿಗಳು ತೋರಿದ ದಾರಿ ಬೇರೆ. ರನ್ನನು ದುರ್ಯೋಧನನ ಶೋಕಕ್ಕೂ ಅಭಿಮಾನಕ್ಕೂ ತನ್ನ ಕಾವ್ಯದಲ್ಲಿ ಎಡೆಗೊಟ್ಟನು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯ ಕೃತ್ಯದ ಹಿಂದೆ ಭರತನ ಮೇಲಿನ ಮಮತೆಯನ್ನು ಕಂಡರು. ತರಗತಿಯ ಬರವಣಿಗೆಯೂ ಇದೇ ದಾರಿಯಲ್ಲಿ ಸಾಗಬಹುದು.

ಮೊದಲನೆಯದು ಬೊಂಬೆಯ ಅಭ್ಯಾಸ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬೊಂಬೆಯೊಂದನ್ನು ಮೇಜಿನ ಮೇಲಿಟ್ಟು, ಅದಕ್ಕೆ ಹೆಸರು, ಊರು, ಕಸುಬು, ಒಂದು ಭಯ, ಒಂದು ಆಸೆಯನ್ನು ಕಲ್ಪಿಸಲು ಹೇಳಬೇಕು. ಬಳಿಕ ಕನಕಪುರದ ಸಂತೆಯಲ್ಲಿ ಆ ವ್ಯಕ್ತಿ ಹಣದ ಗಂಟನ್ನು ಕಳೆದುಕೊಂಡರೆ ಏನು ಮಾಡುವನೆಂದು ಬರೆಯಿಸಬೇಕು. ಗುಣವು ವಿಶೇಷಣದಲ್ಲಿಲ್ಲ, ನಡತೆಯಲ್ಲಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಎರಡನೆಯದು ಹೇಳದೆ ಉಳಿದ ಮಾತು. ಗೋವಿನ ಹಾಡಿನಲ್ಲಿ ಪುಣ್ಯಕೋಟಿಯು ಕರುವಿನ ಬಳಿಗೆ ಹೋಗಿ ಬರುವವರೆಗೆ ಹಸಿದ ಹುಲಿ ಏನನ್ನು ಯೋಚಿಸುತ್ತಿತ್ತು? ಗೂಡಿನ ಬೆಲೆ ಕುಸಿದ ದಿನ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಮರಳುವ ರೈತನು ಮನೆಯಲ್ಲಿ ಏನನ್ನು ಹೇಳುವನು, ಏನನ್ನು ಬಚ್ಚಿಡುವನು? ರೇಷ್ಮೆ ಬೆಳೆಗಾರರ ಮಕ್ಕಳಿಗೆ ಈ ಪ್ರಶ್ನೆಯು ತಂದೆಯ ಮೌನವನ್ನೇ ಅರ್ಥಮಾಡಿಸೀತು.

ಮೂರನೆಯದು ಸಂದರ್ಶನ. ಒಬ್ಬ ವಿದ್ಯಾರ್ಥಿ ಪಾತ್ರವಾಗಿ ಕುಳಿತು ಉತ್ತರಿಸುತ್ತಾನೆ. ಉಳಿದವರು ಪ್ರಶ್ನಿಸಿ, ಅನಂತರ ಸಂಭಾಷಣೆಯನ್ನು ಬರೆಯುತ್ತಾರೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದ ಬೊಂಬೆಗಳನ್ನು ಕಂಡುಬಂದ ಮಕ್ಕಳಿಗೆ ಇದು ಸುಲಭವಾಗಿ ಒಗ್ಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಇತಿಹಾಸಪುರುಷರು ಕಥಾಪಾತ್ರಗಳಲ್ಲ. ಮಾಗಡಿಯ ಕೋಟೆಯನ್ನು ಕಂಡವರು ಕೆಂಪೇಗೌಡರ ಬಾಯಿಗೆ ಇಲ್ಲದ ಮಾತನ್ನು ತುಂಬದೆ, ಕಲ್ಲು ಹೊತ್ತ ಹೆಸರಿಲ್ಲದ ಕೂಲಿಯೊಬ್ಬನನ್ನು ಕಲ್ಪಿಸಬಹುದು.

ಉಪಾಧ್ಯಾಯರು ಕಾಗುಣಿತದ ತಪ್ಪಿಗೆ ಕೆಂಪು ಗೆರೆಯೆಳೆಯುವ ಮೊದಲು, ‘ಈ ಪಾತ್ರ ಹೀಗೆ ನಡೆಯಲು ಕಾರಣವೇನು?’ ಎಂದು ಕೇಳಲಿ. ಪಾತ್ರವು ಮನೆಮಾತಿನಲ್ಲಿ ನುಡಿದರೆ ಅದನ್ನು ಅಳಿಸದಿರಲಿ. ತನಗೊಪ್ಪದವನ ಮನಸ್ಸನ್ನೂ ಒಂದು ಪುಟದಷ್ಟು ಕಾಲ ಹೊಕ್ಕು ಬಂದ ವಿದ್ಯಾರ್ಥಿಯು ಯಾರನ್ನೂ ಮೂರು ಮಾತಿನಲ್ಲಿ ತೀರ್ಮಾನಿಸಲಾರನು. ಭಾಷಾಪಾಠದ ನಿಜವಾದ ಫಲ ಇದೇ.