ಪೆಡ್ಡರ್ ರೋಡ್ ಏರಿಗೆ ಎಷ್ಟು ವ್ಯಾಟ್?

ಶೂ ಲೇಸಿಗೆ ಸಿಕ್ಕಿಸಿದ ಪವರ್ ಮೀಟರ್ ಒಂದು ಅಂಕಿ, ಕೈಗಡಿಯಾರ ಇನ್ನೊಂದು ಅಂಕಿ ತೋರಿಸುತ್ತದೆ ಎಂದು ಗಾಬರಿಯಾಗಬೇಡಿ. ಓಟದ ವ್ಯಾಟ್ ನೇರ ಅಳತೆಯಲ್ಲ, ಅಂದಾಜು. ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಒಂದನ್ನೇ ನಂಬಿ, ಇನ್ನೊಂದನ್ನು ಆಫ್ ಮಾಡಿ.

ಸಮತಟ್ಟಾದ ಟ್ರ್ಯಾಕ್‌ನಲ್ಲಿ 3 ನಿಮಿಷ ಶಕ್ತಿಮೀರಿ ಓಡಿ, ಅರ್ಧ ಗಂಟೆ ಸುಧಾರಿಸಿಕೊಂಡು 9 ನಿಮಿಷ ಹಾಗೆಯೇ ಓಡಿ. ಅದರಿಂದ ಕ್ರಿಟಿಕಲ್ ಪವರ್, ಅಂದರೆ ಬೇಗ ಸೋಲದೆ ಹಿಡಿದಿಡಬಹುದಾದ ಗರಿಷ್ಠ ವ್ಯಾಟ್, ಲೆಕ್ಕಕ್ಕೆ ಸಿಗುತ್ತದೆ. 240 ಬಂತೆನ್ನಿ, ನಾಲ್ಕೂವರೆ ಗಂಟೆಯ ಮ್ಯಾರಥಾನ್‌ಗೆ 195ರ ಆಸುಪಾಸು ಸಾಕು.

ಜನವರಿಯ ಮುಂಬಯಿ ಮ್ಯಾರಥಾನ್‌ನಲ್ಲಿ ಮೀಟರು ಕೊಟ್ಟ ಕಾಸಿಗೆ ಕೆಲಸ ಮಾಡುವುದು ಪೆಡ್ಡರ್ ರೋಡಿನಲ್ಲೇ. 30 ಕಿ.ಮೀ. ದಾಟಿ ಕಾಲು ಸೋತಿರುವಾಗ ಆ ಏರು ಎದುರಾಗುತ್ತದೆ. ಹಳೆಯ ವೇಗವನ್ನೇ ಹಿಡಿಯಲು ಹೋದರೆ ವ್ಯಾಟ್ ಸರ್ರನೆ ಮೇಲೇರುತ್ತದೆ. ಅಲ್ಲಿ ವೇಗದ ಆಸೆ ಬಿಡಿ. ಹೆಜ್ಜೆ ಚಿಕ್ಕದು ಮಾಡಿ, 205 ದಾಟದಂತೆ ನೋಡಿಕೊಳ್ಳಿ. ಮುಂದೆ ಹೋದವರು ಹೋಗಲಿ, ಅವರಲ್ಲಿ ಕೆಲವರು ಮರೀನ್ ಡ್ರೈವ್‌ನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಾ ಸಿಗುತ್ತಾರೆ!

ಆದರೆ ನಮ್ಮೂರಿನ ಸೆಕೆ ವ್ಯಾಟ್‌ನ ಅಂಕಿಯಲ್ಲಿ ಕಾಣುವುದಿಲ್ಲ. ಅಕ್ಟೋಬರ್‌ನ ಬೆವರಿನಲ್ಲಿ ಅದೇ 195ಕ್ಕೆ ಎದೆಬಡಿತ ಎಷ್ಟೋ ಹೆಚ್ಚಿರುತ್ತದೆ. ಅಂಥ ದಿನ ಎದೆಬಡಿತದ ಮಾತು ಕೇಳಿ, ವ್ಯಾಟ್ ಇಳಿಸಿ.